ತೂಕದ ಮೆಷಿನ್ ಇಟ್ಟುಕೊಂಡು ಟಿಬಿ ಹುಡುಕಿದ ನನ್ನ ಅನುಭವ

ಟಿಬಿ ಬಂದವರಿಗೆ ಶುಗರ್ ನೋಡುವುದು ಸುಲಭ. ಹೆಸರು ಸರ್ಕಾರದ ಟಿಬಿ ಆನ್‌ಲೈನ್ ರಿಜಿಸ್ಟರ್ ನಿಕ್ಷಯ್‌ನಲ್ಲಿ ಇದ್ದೇ ಇರುತ್ತದೆ, ಕರೆದು ಬೆರಳು ಚುಚ್ಚಿದರೆ ಆಯಿತು. ಶುಗರ್ ಇದ್ದವರಲ್ಲಿ ಟಿಬಿ ಹುಡುಕುವುದಿದೆಯಲ್ಲ, ಅದರಲ್ಲೇ ನನ್ನ ಒಂದೂವರೆ ವರ್ಷದ ಮೇಲೆ ಹೋಯಿತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಶುಗರ್ ರಿಜಿಸ್ಟರ್‌ನಲ್ಲಿ ಸುಮಾರು 400 ಜನ, ಅದರಲ್ಲಿ ಅರ್ಧದಷ್ಟು ರೇಷ್ಮೆ ರೀಲಿಂಗ್ ಕೆಲಸದವರು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವವರು. ಎರಡೂ ಕಾಯಿಲೆಯನ್ನು ಜೊತೆಗೆ ನೋಡಿ ಅಂತ 2017ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ನಾನೂ ಆಶಾ ಕಾರ್ಯಕರ್ತೆಯರಿಂದ ಟಿಬಿಯ ಆ ನಾಲ್ಕು ಪ್ರಶ್ನೆ ಕೇಳಿಸಿದೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದೆಯಾ ಅಂತ. ಕೆಮ್ಮು ಅಂದ ತಕ್ಷಣ ಎಲ್ಲರದೂ ಒಂದೇ ಉತ್ತರ: "ಗೂಡು ಬೇಯಿಸೋ ಕಡೆ ಕೆಮ್ಮು ಇಲ್ದೆ ಇರುತ್ತಾ ಸಾರ್?" ಹೊಗೆ, ಹಬೆ, ಗೂಡಿನೊಳಗಿನ ಹುಳುವಿನ (ಪ್ಯೂಪ) ವಾಸನೆ ಮಧ್ಯೆ ನಿಂತವರಿಗೆ ಕೆಮ್ಮು ಲೆಕ್ಕಕ್ಕೇ ಇಲ್ಲ. ಸುಮಾರು 70 ಕಫದ ಡಬ್ಬಿ ಕೊಟ್ಟೆವು. 40 ವಾಪಸ್ ಬಂದವು, ಅರ್ಧದಲ್ಲಿ ಬರೀ ಎಂಜಲು. ಕಫದಲ್ಲಿ ಟಿಬಿ ಪತ್ತೆ ಮಾಡುವ ಟ್ರೂನ್ಯಾಟ್ ಮೆಷಿನ್ ಇರುವ ಕಡೆಗೆ ಸಾಗಿಸಿದ ಪೆಟ್ರೋಲ್‌ಗೇ ನನ್ನ ಜೇಬಿಂದ 4,000 ರೂಪಾಯಿ ಹೋಯಿತು. ಸಿಕ್ಕಿದ್ದು ಒಂದೇ ಕೇಸು.

ಆಮೇಲೆ ಒಬ್ಬರು ಹೆಣ್ಣುಮಗಳು. ವಯಸ್ಸು 50ರ ಆಸುಪಾಸು, ಆರು ವರ್ಷದಿಂದ ನಮ್ಮಲ್ಲೇ ಮಾತ್ರೆ. ಕೆಮ್ಮು ಇರಲಿಲ್ಲ. ಸೊರಗುತ್ತಿದ್ದರು, ಶುಗರ್ ಏರುತ್ತಿತ್ತು, ನಾನು ಮಾತ್ರೆ ಜಾಸ್ತಿ ಮಾಡಿ ಕಳಿಸಿದೆ. ಎರಡು ತಿಂಗಳ ಮೇಲೆ ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ಶ್ವಾಸಕೋಶದ ಕೆಳಭಾಗದಲ್ಲಿ ಟಿಬಿ. ಅವತ್ತು ರಾತ್ರಿ ಅವರ ಹಳೇ ಮಾತ್ರೆ ಪುಸ್ತಕ ತೆಗೆದು ನೋಡಿದೆ. ನಮ್ಮ ನರ್ಸೇ ತೂಕ ಬರೆದಿದ್ದರು: 58, 55, 52 ಕೆಜಿ. ನಾನು ಓದಿರಲಿಲ್ಲ.

ಅಲ್ಲಿಂದ ದಾರಿ ಬದಲಾಯಿಸಿದೆ. ತಿಂಗಳ ಮಾತ್ರೆಗೆ ಬಂದವರು ಮೊದಲು ತೂಕದ ಮೆಷಿನ್ ಹತ್ತಬೇಕು. ಎರಡು ತಿಂಗಳಲ್ಲಿ 2 ಕೆಜಿ ಇಳಿದರೆ, ಇಲ್ಲಾ ಸರಿಯಾಗಿ ಮಾತ್ರೆ ತಗೊಂಡರೂ ಶುಗರ್ ಹತೋಟಿಗೆ ಬರದಿದ್ದರೆ, ಕೆಮ್ಮು ಇರಲಿ ಬಿಡಲಿ, ಕಫ ಮತ್ತು ಎಕ್ಸ್‌ರೇ ಎರಡೂ. ತಾಲ್ಲೂಕು ಮೀಟಿಂಗ್‌ನಲ್ಲಿ ಹೇಳಿದಾಗ ಹಿರಿಯರೊಬ್ಬರು, "ಶುಗರ್ ಅಂದ ಮೇಲೆ ತೂಕ ಇಳಿಯದೇ ಇರುತ್ತಾ? ಸುಮ್ನೆ ಎಕ್ಸ್‌ರೇ ದಂಡ" ಅಂದರು. ಅವರ ಮಾತಲ್ಲಿ ಅರ್ಧ ನಿಜ ಇತ್ತು. ಹೊಸದಾಗಿ ಶುಗರ್ ಗೊತ್ತಾದವರಲ್ಲಿ ಎಷ್ಟೋ ಜನರ ತೂಕ ಇಳಿದಿರುತ್ತದೆ. ಅವರಿಗೆ ನಾಲ್ಕೂ ಪ್ರಶ್ನೆ ಕೇಳಿ, ತೂಕದ ಲೆಕ್ಕವನ್ನು ಮಾತ್ರ ಮೂರು ತಿಂಗಳಾದ ಮೇಲೆ ಶುರು ಮಾಡಿದೆ.

ಮೊದಲ ನಾಲ್ಕು ತಿಂಗಳು ಪೂರ್ತಿ ದಂಡ. ನಮ್ಮ ಹತ್ತಿರ ಮುಳ್ಳಿನ ಮೆಷಿನ್ ಮೂರಿದ್ದವು, ಒಂದಕ್ಕೂ ಇನ್ನೊಂದಕ್ಕೂ ಒಂದೂವರೆ ಕೆಜಿ ವ್ಯತ್ಯಾಸ. ತೂಕ ಇಳಿದದ್ದು ರೋಗಿಯದಲ್ಲ, ಮೆಷಿನ್ನಿನದು! ಹತ್ತು ಹದಿನೈದು ಜನರನ್ನು ಕೂಲಿ ಕೆಡಿಸಿ ಎಕ್ಸ್‌ರೇಗೆ ಅಲೆಸಿದ್ದೆ, ಅವರ ಮುಖ ನೋಡಲು ಸಂಕಟ ಆಯಿತು. ಕೊನೆಗೆ 1,200 ಕೊಟ್ಟು ಡಿಜಿಟಲ್ ಮೆಷಿನ್ ತಂದೆ. ದಿನಾ ಬೆಳಿಗ್ಗೆ 10 ಕೆಜಿಯ ಸೀಲಾದ ಅಕ್ಕಿ ಚೀಲ ಇಟ್ಟು ಪರೀಕ್ಷೆ. ಚಪ್ಪಲಿ ಬಿಡಬೇಕು, ಸೊಂಟದ ಚೀಲ ತೆಗೆಯಬೇಕು. ರಂಜಾನ್ ತಿಂಗಳಲ್ಲಿ ಉಪವಾಸದವರ ತೂಕ ಎಷ್ಟೋ ಸಲ ಇಳಿಯುತ್ತದೆ, ಅವರನ್ನು ಮುಂದಿನ ತಿಂಗಳು ಮತ್ತೆ ತೂಗಿದೆವು.

ಒಂದೂವರೆ ವರ್ಷದಲ್ಲಿ ಹೆಚ್ಚುಕಮ್ಮಿ 45 ಜನರನ್ನು ಕಳಿಸಿದೆ. 5 ಜನರಲ್ಲಿ ಟಿಬಿ ಸಿಕ್ಕಿತು. ಅದರಲ್ಲಿ ಮೂವರಿಗೆ ಕೆಮ್ಮೇ ಇರಲಿಲ್ಲ. ಬರೀ ಕೆಮ್ಮು ನೋಡಿ ಕಫ ಕಳಿಸಿದ್ದರೆ ಈ ಮೂವರು ಸಿಗುತ್ತಿರಲಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಆ ಹಿರಿಯರೂ ಈಗ ಎಕ್ಸ್‌ರೇ ಚೀಟಿಗೆ ತಕರಾರು ಮಾಡುವುದಿಲ್ಲ.

ಮಧ್ಯೆ ಇನ್ನೊಂದು ಗೊತ್ತಾಯಿತು, ತೂಕದ ಹಾಗೆ ಶುಗರ್ ಅಳತೆಯೂ ತಪ್ಪುತ್ತದೆ. ದ್ರಾಕ್ಷಿ ತೋಟದಿಂದ ನೇರ ಬಂದ ಒಬ್ಬರ ಶುಗರ್ 340 ತೋರಿಸಿತು. ಸೋಪು ಹಾಕಿ ಕೈ ತೊಳೆಸಿ ಮತ್ತೆ ಚುಚ್ಚಿದರೆ 130. ಹಣ್ಣಿನ ರಸ ಬೆರಳಲ್ಲೇ ಇತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರೇ ಬೇಕು. ಒಂದು ಸ್ಟ್ರಿಪ್‌ಗೆ 15 ರೂಪಾಯಿ ಅಂದುಕೊಂಡರೂ ಆ ಸೀಸನ್‌ನಲ್ಲಿ ಎಷ್ಟು ದಂಡವಾಯಿತೋ!

ಟಿಬಿ ಗೊತ್ತಾದ ವಾರ ನೋಡಿದ ಶುಗರನ್ನು ಪೂರ್ತಿ ನಂಬಬೇಡಿ. ಸೋಂಕಿನ ಹೊಡೆತಕ್ಕೆ ಏರಿದ್ದು ಚಿಕಿತ್ಸೆ ಶುರುವಾಗಿ ಎರಡು ಮೂರು ತಿಂಗಳಿಗೆ ಎಷ್ಟೋ ಜನರಲ್ಲಿ ಇಳಿಯುತ್ತದೆ. ಒಬ್ಬರಿಗೆ ನಾನು ಅವಸರದಲ್ಲಿ ಕೊಟ್ಟ ಮಾತ್ರೆಯಿಂದ ಶುಗರ್ ಇಳಿದು ತಲೆ ಸುತ್ತಿ ಬಿದ್ದರು. ಹಳೇ ಶುಗರ್ ಇದ್ದವರಲ್ಲಿ ಉಲ್ಟಾ, ಟಿಬಿಯ ಔಷಧ ರಿಫಾಂಪಿಸಿನ್ ಶುರುವಾದರೆ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಕೆಲಸ ತಗ್ಗುತ್ತದೆ, ಕೆಲವರನ್ನು ಇನ್ಸುಲಿನ್‌ಗೆ ಒಪ್ಪಿಸಬೇಕಾಗುತ್ತದೆ.

ಎಂಜಲಲ್ಲ, ನಿಜವಾದ ಕಫ ತರಿಸುವ ಉಪಾಯ ನಮ್ಮ ಲ್ಯಾಬ್ ಹುಡುಗನದು. ಅವನು ಅದನ್ನು ತಾನೇ ಬರೆಯಬೇಕು ಅಂತಿದ್ದಾನೆ, ಹಾಗಾಗಿ ನಾನು ಹೇಳುವುದಿಲ್ಲ. ರೀಲಿಂಗ್ ಮಾಲೀಕರು ಎಕ್ಸ್‌ರೇ ದಿನದ ಕೂಲಿ ಕೊಡಲು ಹೇಗೆ ಒಪ್ಪಿದರು ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಹೋದ ತಿಂಗಳು ಚಿಂತಾಮಣಿ ಕಡೆಯ ಇಬ್ಬರು ಡಾಕ್ಟರ್ ನಮ್ಮ ತೂಕದ ಪುಸ್ತಕ ಕೇಳಿದರು. ಜೆರಾಕ್ಸ್ ಕಳಿಸಿದ್ದೇನೆ. ಪುಸ್ತಕ ತೆರೆಯುವ ಮೊದಲು ಅಕ್ಕಿ ಚೀಲ ಇಟ್ಟು ಮೆಷಿನ್ ನೋಡಿಕೊಳ್ಳಿ ಅಂತ ಫೋನಲ್ಲೂ ಎರಡು ಸಲ ಹೇಳಿದೆ.