ತೆಂಗಿಗೆ ಸುರುಳಿ ಬಿಳಿನೊಣ: ಪಂಪು ಎತ್ತುವ ಮೊದಲು ಒಂದು ಮಡಲು ಇಳಿಸಿ

ತೆಂಗಿನ ಬುಡದ ಬಾಳೆ, ಕಾಳುಮೆಣಸಿನ ಎಲೆಗಳೆಲ್ಲ ಮಸಿ ಮೆತ್ತಿದಂತೆ ಕಪ್ಪಾಗಿವೆಯೇ? ರೋಗವೆಂದು ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಕಲಸಲು ಹೊರಡಬೇಡಿ. ತಲೆಯೆತ್ತಿ ತೆಂಗಿನ ಗರಿಗಳ ಅಡಿ ನೋಡಿ. 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡ್ ಕಡೆ ಕಂಡು ಕರಾವಳಿಗೂ ಬಂದ ಸುರುಳಿ ಬಿಳಿನೊಣ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಬೆಳೆದ ಬೂಷ್ಟೇ ಈ ಮಸಿ. ನೋಡಲು ಭಯಂಕರ, ಆದರೆ ಮರ ಸಾಯುವುದಿಲ್ಲ.

ದೋಟಿಯಿಂದ ಕೆಳಸುತ್ತಿನ ಒಂದು ಹಸಿ ಮಡಲು ಇಳಿಸಿ. ಗರಿ ಮಗುಚಿದರೆ ಸುರುಳಿಯಾಗಿ ಇಟ್ಟ ಮೊಟ್ಟೆ, ಹತ್ತಿಯಂಥ ಬಿಳಿ ಮೇಣ ಕಾಣುತ್ತದೆ. ಮೇಣ ಒರೆಸಿ, ಭೂತಗನ್ನಡಿಯಲ್ಲಿ ನೊಣದ ಮರಿಗಳಿರುವ ಕೋಶಗಳನ್ನು ನೋಡಿ. ಹಳದಿಯಿದ್ದರೆ ಒಳಗೆ ನೊಣ ಬೆಳೆಯುತ್ತಿದೆ. ಕಪ್ಪಾಗಿದ್ದರೆ, ಎನ್‌ಕಾರ್ಸಿಯಾ ಎಂಬ ಪುಟಾಣಿ ಕಣಜ ಒಳಗೆ ಮರಿಯನ್ನು ತಿಂದು ಬೆಳೆಯುತ್ತಿದೆ, ದುಂಡನೆಯ ತೂತಿದ್ದರೆ ತಿಂದು ಮುಗಿಸಿ ಹೊರಬಂದಿದೆ ಎಂದರ್ಥ. ಮುಂದಿನ ಕೆಲಸವೆಲ್ಲ ಈ ಎಣಿಕೆಯ ಮೇಲೆ.

ಕಪ್ಪು ಕೋಶವೇ ಹೆಚ್ಚಿದ್ದರೆ ಏನೂ ಹೊಡೆಯಬೇಡಿ. ಆ ಗರಿಗಳನ್ನು ಸುಡಲೂಬೇಡಿ. ತುಂಡು ಮಾಡಿ ಕಣಜವಿಲ್ಲದ ಮರಗಳಿಗೆ ಕಟ್ಟಿ. ವಿಷ ಹೊಡೆದರೆ ಮೊದಲು ಸಾಯುವುದು ಕಣಜ. ಮೇಣದ ಮರೆಯಲ್ಲಿ ಉಳಿದ ಮರಿಗಳು ಮತ್ತೆ ಹೆಚ್ಚುತ್ತವೆ, ಈ ಸಲ ಕಾವಲಿಗೆ ಯಾರೂ ಇರುವುದಿಲ್ಲ.

ಹಳದಿ ಕೋಶವೇ ತುಂಬಿದ್ದರೆ ಬೇವಿನೆಣ್ಣೆ. 10 ಲೀಟರ್ ನೀರಿಗೆ 50 ಮಿ.ಲೀ. ಸಾಕು. ನೀರಿಗೆ ನೇರ ಸುರಿದರೆ ಎಣ್ಣೆ ತೇಲುತ್ತದೆ. ಪಂಪಿನಲ್ಲಿ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಂದು ಗರಿ ಸುಡುತ್ತದೆ. ಆದ್ದರಿಂದ ಎಣ್ಣೆಯನ್ನು ಸೋಪುನೀರಿನಲ್ಲಿ ಹಾಲಿನಂತಾಗುವವರೆಗೆ ಕಡೆದು, ಬಳಿಕ ಉಳಿದ ನೀರು ಸೇರಿಸಿ. ಬಿಸಿಲೇರುವ ಮೊದಲು ಅಥವಾ ಸಂಜೆ, ಗರಿಯ ಅಡಿಭಾಗಕ್ಕೇ ತಾಗುವಂತೆ ಹೊಡೆಯಿರಿ. ಮೇಲಿಂದ ಹೊಡೆದದ್ದು ವ್ಯರ್ಥ. ಎತ್ತರದ ಊರತಳಿಗೆ ಅಡಿಕೆಗೆ ಬಳಸುವ, ಎತ್ತರಕ್ಕೆ ಚಿಮ್ಮಿಸುವ ಗಟೋರ್ ಪಂಪೇ ಬೇಕು. ಗಿಡ್ಡ ಸಸಿಗಳಿಗಾದರೆ ಪೈಪಿನಲ್ಲಿ ರಭಸದ ನೀರು ಬಿಟ್ಟರೂ ನೊಣ ಉದುರುತ್ತದೆ.

ಹಾರುವ ನೊಣಕ್ಕೆ 5 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಳದಿ ಹಾಳೆಗೆ ಹರಳೆಣ್ಣೆ ಸವರಿ, 6 ಅಡಿ ಎತ್ತರದಲ್ಲಿ ಎಕರೆಗೆ ಹತ್ತರಂತೆ ಕಟ್ಟಿ. ಧೂಳು ಕೂತರೆ ಒರೆಸಿ ಮತ್ತೆ ಸವರಬೇಕು.

ಮಸಿ ತೆಗೆಯಲು ಗಂಜಿ. 100 ಗ್ರಾಂ ಮೈದಾ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಸಿ, ಸೋಸಿ, 10 ಲೀಟರಿಗೆ ತೆಳು ಮಾಡಿ ಎಲೆ ಮೇಲೆ ಸಿಂಪಡಿಸಿ. ಸೋಸದಿದ್ದರೆ ನಾಸಲ್ ಕಟ್ಟುತ್ತದೆ. ಒಣಗಿದ ಗಂಜಿ ಹೊಪ್ಪಳೆಯಾಗಿ ಮಸಿಯನ್ನೂ ಎಬ್ಬಿಸಿಕೊಂಡು ಉದುರುತ್ತದೆ.

ನೊಣದ ಕಾಟ ಹೆಚ್ಚು ಬೇಸಗೆಯಲ್ಲೇ. ಮಳೆ ಹಿಡಿದರೆ ತಾನಾಗಿ ಇಳಿಯುತ್ತದೆ. ಪತ್ತನಾಜೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ದಿನ) ಹತ್ತಿರ ಬಂದಿದ್ದರೆ ಎಣ್ಣೆಗೆ ಹಾಕುವ ದುಡ್ಡು ದಂಡ.