ಪಿತ್ತಕೋಶ ತೆಗೆಸಿದ ಮೇಲೂ ನೋವು: ಒಡ್ಡಿ ಸ್ನಾಯುವನ್ನು ಕತ್ತರಿಸುವ ಮುನ್ನ ನಾನು ನೋಡುವುದು

"ಚೀಲಾನೇ ತೆಗೆದ್ರಲ್ಲ ಡಾಕ್ಟ್ರೇ, ಮತ್ತೆ ಅದೇ ನೋವು ಎಲ್ಲಿಂದ ಬಂತು?" ದಾವಣಗೆರೆಯ ನನ್ನ ಒಪಿಡಿಯಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಕೇಳುವವರಿಗೆ ಅಷ್ಟರಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿರುತ್ತದೆ.

ಪಿತ್ತನಾಳವೂ ಮೇದೋಜೀರಕದ ನಾಳವೂ ಸಣ್ಣ ಕರುಳಿಗೆ ಸೇರುವ ಜಾಗದಲ್ಲಿ ಉಂಗುರದಂಥ ಒಂದು ಪುಟ್ಟ ಸ್ನಾಯು ಇದೆ. ಇಟಲಿಯ ರುಗ್ಗೆರೋ ಒಡ್ಡಿ 1887ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಇದನ್ನು ವಿವರಿಸಿದರು. ನಮ್ಮ ಕಡೆಯವರಿಗೆ ನಾನು ಭದ್ರಾ ನಾಲೆಯ ತೂಬು ತೋರಿಸಿ ಹೇಳುತ್ತೇನೆ. ತೂಬು ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಒತ್ತುತ್ತದೆ, ಅಲ್ವಾ? ಈ ಸ್ನಾಯು ಬಿಗಿದರೂ, ಗಾಯ ಮಾಗಿ ಕಿರಿದಾದರೂ ಆಗುವುದು ಅದೇ: ಪಿತ್ತ ಹಿಂದಕ್ಕೆ ಒತ್ತಿ ನೋವು ಬರುತ್ತದೆ.

ನೋವಿನ ಕಥೆಯನ್ನು ನಾನು ಪೂರ್ತಿ ಕೇಳುತ್ತೇನೆ. ಹೊಟ್ಟೆಯ ಮೇಲ್ಭಾಗದಲ್ಲೋ ಬಲಪಕ್ಕೆಯ ಕೆಳಗೋ ಶುರುವಾಗಿ, ಏರಿ, ಅರ್ಧ ಗಂಟೆಗಿಂತ ಜಾಸ್ತಿ ಒಂದೇ ಸಮನೆ ನಿಲ್ಲಬೇಕು. ದಿನಾ ಬರುವ, ಮಲವಿಸರ್ಜನೆ ಆದರೆ ಹಗುರಾಗುವ ನೋವಾದರೆ ನಾನು ಬೇರೆ ಕಡೆ ಹುಡುಕುತ್ತೇನೆ.

ಎಲ್ಲಕ್ಕಿಂತ ಮುಖ್ಯ, ನೋವಿದ್ದಾಗ ತೆಗೆದ ರಕ್ತ. ಪಿತ್ತ ತಡೆದಾಗ ಲಿವರಿನ ರಕ್ತಪರೀಕ್ಷೆ, ಅಂದರೆ ಎಲ್‌ಎಫ್‌ಟಿ, ಏರುತ್ತದೆ. ಹಾಯಾಗಿದ್ದ ದಿನ ಮಾಡಿಸಿದರೆ ಅದು ಚೆನ್ನಾಗಿಯೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬರ ಫೈಲಿನ ತುಂಬ ಇಂಥ ನಾರ್ಮಲ್ ರಿಪೋರ್ಟುಗಳೇ ಇದ್ದವು. "ಕೆಮ್ಮಿನ ಔಷಧಿ ಕುಡಿದ ರಾತ್ರಿ ಜೀವ ಹೋದಂಗಾಯ್ತು ಸಾರ್" ಅಂದರು. ಬಾಟಲಿ ತರಿಸಿ ನೋಡಿದೆ, ಕೊಡೀನ್ ಇತ್ತು. ಕೊಡೀನ್, ಮಾರ್ಫಿನ್ ಈ ಸ್ನಾಯುವನ್ನು ಬಿಗಿಗೊಳಿಸುತ್ತವೆ. ಅವರ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ: ನೋವು ಬಂದ ಕೆಲವೇ ಗಂಟೆಗಳಲ್ಲಿ ಹತ್ತಿರದ ಲ್ಯಾಬಿನಲ್ಲಿ ಎಲ್‌ಎಫ್‌ಟಿ, ಲಿಪೇಸ್ (ಮೇದೋಜೀರಕದ ರಕ್ತಪರೀಕ್ಷೆ). ಮದುವೆ ಊಟ ಮಾಡಿದ ರಾತ್ರಿ ನೋವು ಬಂತು. ಯಜಮಾನರು ಬೆಳಗಾಗುವ ಮುಂಚೆಯೇ ರಕ್ತ ಕೊಡಿಸಿದರು. ಲಿವರ್ ಎನ್‌ಜೈಮ್ ಮೂರು ಪಟ್ಟು ಏರಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ನೋಡಿದರೆ ನಾರ್ಮಲ್!

ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್, ಅಂದರೆ ಎಂಆರ್‌ಸಿಪಿಯಲ್ಲಿ, ಪಿತ್ತನಾಳ 12 ಮಿಲಿಮೀಟರಿಗೆ ಹಿಗ್ಗಿತ್ತು. ಬಾಯಿಂದ ಸ್ಕೋಪ್ ಇಳಿಸಿ ಒಳಗಿನಿಂದ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಲ್ಲೂ ಕಲ್ಲು, ಗಡ್ಡೆ ಏನೂ ಇರಲಿಲ್ಲ. ಉಳಿದಿದ್ದ ಸಣ್ಣ ಕಲ್ಲೂ ಇದೇ ನೋವು ಕೊಡಬಲ್ಲದು, ಹಾಗಾಗಿ ಈ ಎರಡು ಪರೀಕ್ಷೆ ಬಿಡಬಾರದು. ಸ್ನಾಯುವಿನ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಪರೀಕ್ಷೆಯಲ್ಲಿ ಒಳಗಿನ ಒತ್ತಡ 40 ಮಿಲಿಮೀಟರ್ ಪಾದರಸ ದಾಟಿದರೆ ದೋಷ ಎನ್ನುತ್ತಾರೆ. ಆದರೆ ಇಷ್ಟು ಸಾಕ್ಷಿ ಇದ್ದಾಗ ಅದು ಬೇಕಿಲ್ಲ.

ಇಆರ್‌ಸಿಪಿ ಮಾಡಿ, ಅಂದರೆ ಬಾಯಿಂದ ಸ್ಕೋಪ್ ಇಳಿಸಿ ನಾಳದ ಬಾಯಿ ತಲುಪಿ, ಸ್ನಾಯುವನ್ನು ಕತ್ತರಿಸಿದೆ. ಈ ರೋಗಿಗಳಲ್ಲಿ ಇಆರ್‌ಸಿಪಿ ಆದ ಮೇಲೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ) ಬರುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಇದನ್ನು ಮೊದಲೇ ಹೇಳಿದ್ದೆ. ಗುದದ್ವಾರದಲ್ಲಿ ಉರಿಯೂತ ತಗ್ಗಿಸುವ ಇಂಡೊಮೆಥಾಸಿನ್ 100 ಮಿಲಿಗ್ರಾಂ ಇಟ್ಟು, ಮೇದೋಜೀರಕದ ನಾಳಕ್ಕೆ ಸಣ್ಣ ಸ್ಟೆಂಟ್ (ಕೊಳವೆ) ಹಾಕಿದೆ. 2012ರ ಒಂದು ಅಧ್ಯಯನದಲ್ಲಿ ಇಂಡೊಮೆಥಾಸಿನ್ ಈ ಅಪಾಯವನ್ನು ಸುಮಾರು ಶೇ 17ರಿಂದ 9ಕ್ಕೆ ಇಳಿಸಿತ್ತು. ಅಗ್ಗದ ಔಷಧಿ, ಮರೆಯಲೇಬಾರದು. ಅವರಿಗೆ ಆಮೇಲೆ ಆ ನೋವು ಬಂದಿಲ್ಲ.

ರಕ್ತವೂ ನಾರ್ಮಲ್, ನಾಳವೂ ನಾರ್ಮಲ್, ನೋವು ಮಾತ್ರ ಇದೆ ಎನ್ನುವವರಿಗೆ ನಾನು ಕತ್ತರಿಸುವುದಿಲ್ಲ. ಇದಕ್ಕೆ ಕಾರಣ ಅಮೆರಿಕದ ಎಪಿಸಾಡ್ ಅಧ್ಯಯನ. 2014ರಲ್ಲಿ ಪ್ರಕಟವಾದ ಅದರಲ್ಲಿ ಇಂಥವರೇ 214 ಮಂದಿಯಿದ್ದರು. ವರ್ಷದ ಕೊನೆಗೆ ಸ್ನಾಯು ಕತ್ತರಿಸಿದವರಲ್ಲಿ ಶೇ 23, ಸುಮ್ನೆ ಎಂಡೋಸ್ಕೋಪಿ ಮಾಡಿ ಬಿಟ್ಟವರಲ್ಲಿ ಶೇ 37 ಮಂದಿ ಸುಧಾರಿಸಿದ್ದರು. ಇದನ್ನು ಓದಿಯೂ ಕೈಯಲ್ಲಿ ಸ್ಕೋಪ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಇವರ ನೋವು ಸುಳ್ಳಲ್ಲ. ಕೆಲವರಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ (ನರಗಳ ನೋವು ತಗ್ಗಿಸುವ ಮಾತ್ರೆ) ಕೊಟ್ಟು ನೋಡುತ್ತೇನೆ. ಅದಕ್ಕೂ ಮುಂಚೆ, ಮಲಗಿಸಿ ನೋವಿನ ಜಾಗದ ಮೇಲೆ ಬೆರಳಿಟ್ಟು, ತಲೆ ಎತ್ತಲು ಹೇಳುತ್ತೇನೆ. ಹೊಟ್ಟೆಯ ಸ್ನಾಯು ಬಿಗಿದಾಗ ನೋವು ಜಾಸ್ತಿಯಾದರೆ ಅದು ಹೊಟ್ಟೆಯ ಗೋಡೆಯದ್ದೇ ಇರಬಹುದು. ಅಡಿಕೆ ತೋಟದವರೊಬ್ಬರು ಇಆರ್‌ಸಿಪಿಗೆಂದೇ ಹಣ ಹೊಂದಿಸಿಕೊಂಡು ಬಂದಿದ್ದರು. ಹಳೇ ಆಪರೇಷನ್ನಿನ ತೂತಿನ ಕಲೆಯ ಪಕ್ಕದಲ್ಲೇ ಬೆರಳಿಗೆ ನೋವು ಸಿಕ್ಕಿತು. ಅಲ್ಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಕೂತು, ತಾವೇ ಒತ್ತಿ ಒತ್ತಿ ನೋಡಿಕೊಂಡರು.