ಮಂಡಿ ನೋವಿಗೆ ಸಸ್ಯಮೂಲದ ಪೂರಕ: ಓದು ಸೀಸೆಯ ಹಿಂಬದಿಯಿಂದ ಆರಂಭವಾಗಲಿ

ಮಂಡಿ ನೋವಿಗೆಂದು ಗಿಡಮೂಲಿಕೆಯ ಮಾತ್ರೆ ಕೊಳ್ಳುವ ಮುನ್ನ ಆ ನೋವು ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಇಂತಹ ಪೂರಕಗಳನ್ನು ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಕೀಲು ಸವೆತದಿಂದ, ಅಂದರೆ ಆಸ್ಟಿಯೋಆರ್ಥ್ರೈಟಿಸ್‌ನಿಂದ ಬರುವ ನೋವಿಗೆ ಸಂಬಂಧಿಸಿದವು. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಬಂದಿದ್ದರೆ, ಪೆಟ್ಟು ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಕೀಲು ಸಿಕ್ಕಿಕೊಂಡಂತಾಗಿ ಮಡಚಲೂ ಚಾಚಲೂ ಬಾರದಿದ್ದರೆ ಅಥವಾ ಮೀನಖಂಡ ಬಾತುಕೊಂಡಿದ್ದರೆ ಪೂರಕದ ಮಾತೇ ಬೇಡ. ತಡಮಾಡದೆ ವೈದ್ಯರನ್ನು ಕಾಣಬೇಕು.

ಸವೆತವೆಂದು ವೈದ್ಯರೇ ಹೇಳಿದ ಮೇಲೆ, ಪೂರಕದಿಂದ ಎಷ್ಟನ್ನು ನಿರೀಕ್ಷಿಸಬಹುದೆಂದು ಅರಿತಿರಬೇಕು. ಸವೆದುಹೋದ ಮೃದ್ವಸ್ಥಿಯನ್ನು ಯಾವುದೇ ಸಸ್ಯಸಾರ ಮತ್ತೆ ಬೆಳೆಸುತ್ತದೆ ಎನ್ನಲು ಆಧಾರವಿಲ್ಲ. ಹೆಚ್ಚೆಂದರೆ ನೋವು ಸ್ವಲ್ಪ ತಗ್ಗಬಹುದು. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆಯ ಪ್ರಕಾರ, ಶಲ್ಲಕಿ ಮರದ ಅಂಟಿನಿಂದ ತೆಗೆದ ಬಾಸ್ವೆಲಿಯಾ ಸಾರವನ್ನು ದಿನಕ್ಕೆ 100 ಮಿಲಿಗ್ರಾಂನಂತೆ ಸೇವಿಸಿದವರು 90 ದಿನಗಳ ಬಳಿಕ, ಹುಸಿಮಾತ್ರೆ ಸೇವಿಸಿದವರಿಗಿಂತ ತಮ್ಮ ನೋವಿಗೆ 100ರ ಅಳತೆಯಲ್ಲಿ ಸುಮಾರು 17 ಅಂಕ ಕಡಿಮೆ ಕೊಟ್ಟಿದ್ದರು. ಬೆಣ್ಣೆಹಣ್ಣು ಮತ್ತು ಸೋಯಾ ಎಣ್ಣೆಗಳ ಸಾರದಲ್ಲಿ ಈ ವ್ಯತ್ಯಾಸ ಸುಮಾರು 8 ಅಂಕ ಮಾತ್ರ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಕ್ಕೂ, ತೂಕ ಹೆಚ್ಚಿದ್ದವರಿಗೆ ತೂಕ ಇಳಿಸುವುದಕ್ಕೂ ಪೂರಕ ಎಂದಿಗೂ ಬದಲಿಯಲ್ಲ.

ಮುಂದಿನದು ಆಯ್ಕೆ. ಸೀಸೆಯ ಮುಂಬದಿ ಇರುವುದು ಮಾರಾಟಕ್ಕಾಗಿ. ನಮಗೆ ಬೇಕಾದ ಮಾಹಿತಿ ಹಿಂಬದಿಯ ಸಣ್ಣಕ್ಷರಗಳಲ್ಲಿರುತ್ತದೆ. ಮುಂದೆ ದಪ್ಪಕ್ಷರದಲ್ಲಿ ‘ಅರಿಶಿನ 500 ಮಿಲಿಗ್ರಾಂ’ ಎಂದಿದೆ ಎನ್ನೋಣ. ಅದು ಬರೀ ಪುಡಿಯಾಗಿದ್ದರೆ, ಪುಡಿಯಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸಿನಲ್ಲಾದ್ದರಿಂದ, ಒಂದು ಮಾತ್ರೆಯಲ್ಲಿ ಸಿಗುವುದು 15 ಮಿಲಿಗ್ರಾಂ ಅಷ್ಟೆ. ಅದೇ ಶೇ 95ಕ್ಕೆ ಪ್ರಮಾಣೀಕರಿಸಿದ ಸಾರವಾಗಿದ್ದರೆ 475 ಮಿಲಿಗ್ರಾಂ. ಹೆಸರೂ ತೂಕವೂ ಒಂದೇ ಆಗಿದ್ದು ಒಳಗಿನ ಅಂಶ ಮೂವತ್ತು ಪಟ್ಟಿಗೂ ಹೆಚ್ಚು ಬದಲಾಗುವುದು ಹೀಗೆ. ಆದ್ದರಿಂದ ಸಸ್ಯದ ಯಾವ ಭಾಗ, ಪುಡಿಯೋ ಸಾರವೋ, ಮುಖ್ಯ ಅಂಶದ ಪ್ರಮಾಣ ಶೇಕಡಾ ಎಷ್ಟು ಎಂಬ ಮೂರೂ ಇಲ್ಲದ ಲೇಬಲ್ಲನ್ನು ನಂಬಬೇಡಿ. ಹತ್ತು ಹನ್ನೆರಡು ಮೂಲಿಕೆಗಳನ್ನು ಬೆರೆಸಿ ಒಟ್ಟು ತೂಕವನ್ನಷ್ಟೇ ಹೇಳುವ ‘ವಿಶೇಷ ಮಿಶ್ರಣ’ಗಳನ್ನು ನಾನಂತೂ ಬದಿಗಿಡುತ್ತೇನೆ, ಏಕೆಂದರೆ ಅಡ್ಡಪರಿಣಾಮವಾದರೆ ಯಾವುದರಿಂದ ಆಯಿತೆಂದು ಹೇಳಲಾಗದು. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯ ವಿವರವನ್ನೂ ನೋಡಿ. ಅರಿಶಿನಕ್ಕೆ ಬಣ್ಣ ಬರಲೆಂದು ವಿಷಕಾರಿಯಾದ ಸೀಸದ (ಲೆಡ್) ಕ್ರೋಮೇಟ್ ಬೆರೆಸಿದ ಪ್ರಕರಣಗಳು ನಡೆದಿವೆ. ಅಂದಹಾಗೆ, ಸಸ್ಯಾಹಾರಿಗಳು ಕ್ಯಾಪ್ಸೂಲಿನ ಹೊರಕವಚ ಪ್ರಾಣಿಮೂಲದ ಜೆಲಾಟಿನ್ನಿನದೋ ಅಲ್ಲವೋ ಎಂದು ಗಮನಿಸಬೇಕು. ಮೂಲಿಕೆಗಳ ಜೊತೆ ಬೆರೆತು ಬರುವ ಗ್ಲುಕೋಸಮೈನ್ ಕೂಡ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾದದ್ದು.

ಈಗಾಗಲೇ ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನೂ ಕೊಳ್ಳಬೇಕೆಂದಿರುವ ಪೂರಕದ ಲೇಬಲ್ಲನ್ನೂ ವೈದ್ಯರಿಗೆ ಅಥವಾ ಔಷಧ ತಜ್ಞರಿಗೆ ಒಟ್ಟಿಗೆ ತೋರಿಸಬೇಕು. ಕರ್ಕ್ಯುಮಿನ್ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ ಕಾರಣ ಕರಿಮೆಣಸಿನ ಪೈಪರೀನ್ ಸೇರಿಸುತ್ತಾರೆ. 1998ರ ಅಧ್ಯಯನವೊಂದರಲ್ಲಿ ಇದರಿಂದ ಹೀರಿಕೆ ಸುಮಾರು 20 ಪಟ್ಟು ಹೆಚ್ಚಿತ್ತು. ಆದರೆ ಪೈಪರೀನ್ ಬೇರೆ ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಅರಿಶಿನ ಹಾಗೂ ಶುಂಠಿಯ ಸಾರಗಳು ವಾರ್ಫರಿನ್‌ನಂತಹ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ವಿಲೋ ಮರದ ತೊಗಟೆಯಲ್ಲಿರುವ ಸ್ಯಾಲಿಸಿನ್ ಆಸ್ಪಿರಿನ್‌ನ ಸಂಬಂಧಿಯಾದ್ದರಿಂದ, ಆಸ್ಪಿರಿನ್ ಅಲರ್ಜಿ ಇರುವವರು ಅದನ್ನು ಮುಟ್ಟಬಾರದು. ಗರ್ಭಿಣಿಯರು, ಹಾಲೂಡಿಸುವವರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ಶಸ್ತ್ರಚಿಕಿತ್ಸೆ ಇದ್ದರೆ ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಸೇವನೆ ಆರಂಭಿಸುವಾಗ ಒಂದು ಸಲಕ್ಕೆ ಒಂದೇ ಪೂರಕವಿರಲಿ, ಪ್ರಮಾಣ ಲೇಬಲ್ಲಿನ ಮಿತಿ ಮೀರದಿರಲಿ. ಆರಂಭಕ್ಕೆ ಮುಂಚೆಯೇ, ಮೆಟ್ಟಿಲು ಇಳಿಯುವಾಗಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಬರೆದಿಡಿ. ಮುಂದೆ ವಾರಕ್ಕೊಮ್ಮೆ ಅದೇ ಮೆಟ್ಟಿಲು, ಅದೇ ಹೊತ್ತು. ಸವೆತದ ನೋವು ತಾನಾಗಿಯೇ ಏರಿಳಿಯುವುದರಿಂದ ನೆನಪಿನ ಮೇಲೆ ಲೆಕ್ಕ ಹಾಕಿದರೆ ಮೋಸಹೋಗುತ್ತೇವೆ. ಎಂಟರಿಂದ ಹನ್ನೆರಡು ವಾರಗಳಲ್ಲಿ ಅಂಕ ಇಳಿಯದಿದ್ದರೆ ನಿಲ್ಲಿಸುವುದೇ ಸರಿ.

ಎರಡೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗುವ ಮೊದಲು ಅನುಮಾನಪಡಬೇಕು. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೀಲು ನೋವಿನ ಪೂರಕವೆಂದು ಮಾರಾಟವಾಗುತ್ತಿದ್ದ ಕೆಲವು ಉತ್ಪನ್ನಗಳಲ್ಲಿ ಲೇಬಲ್ಲಿನಲ್ಲಿ ನಮೂದಿಸದ ಡೈಕ್ಲೊಫಿನಾಕ್ ಮತ್ತು ಡೆಕ್ಸಾಮೆಥಾಸೋನ್ ಇರುವುದನ್ನು ಪತ್ತೆಹಚ್ಚಿ ಎಚ್ಚರಿಸಿತ್ತು. ಮೊದಲನೆಯದು ನೋವು ನಿವಾರಕ, ಎರಡನೆಯದು ಸ್ಟೀರಾಯ್ಡ್. ಸ್ಟೀರಾಯ್ಡನ್ನು ಬಹುಕಾಲ ಸೇವಿಸಿ ಥಟ್ಟನೆ ಬಿಟ್ಟರೂ ಅಪಾಯವಿರುವುದರಿಂದ, ಮುಖ ಊದಿಕೊಂಡಿದ್ದರೆ ಅಥವಾ ರಕ್ತದ ಸಕ್ಕರೆ ಏರಿದ್ದರೆ ಸೀಸೆಯನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಕಡುವಾಗುವುದು, ಮೈ ತುರಿಕೆ, ವಿಪರೀತ ಸುಸ್ತು ಇವು ಯಕೃತ್ತಿಗೆ ಪೆಟ್ಟು ಬಿದ್ದ ಲಕ್ಷಣಗಳು. ಅರಿಶಿನದ ಪೂರಕಗಳಿಂದಲೂ ಇಂತಹ ಪ್ರಕರಣಗಳು ವರದಿಯಾಗಿವೆ. ಕಂಡ ದಿನವೇ ಪೂರಕ ನಿಲ್ಲಿಸಿ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು.